ಕಾಲ್ಡರ್ ಯಾರಿಗೆ? ನನ್ನ ಹಳೇ ಮೆಸೇಜ್ ನನಗೇ ತಿರುಗಿಬಿದ್ದಾಗ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಒಂದು ಜಗಳ ಶುರುವಾಗುತ್ತದೆ. ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈ ಸೀಸನ್ನಿನ ಅತ್ಯುತ್ತಮ ಹೊಸಬ ಯಾರು? ಕೆನಡಾದಲ್ಲಿ ಹಾಕಿ ಅಂದರೆ ಐಸ್ ಹಾಕಿ. ಹುಲ್ಲಿನ ಮೇಲೆ ಆಡುವುದಾದರೆ ಅದನ್ನೇ ಬಿಡಿಸಿ ಹೇಳಬೇಕು!

ಹೊಸಬರಿಗೆ ಕೊಡುವುದು ಕಾಲ್ಡರ್ ಟ್ರೋಫಿ. ಲೀಗಿನ ಮೊದಲ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಹೆಸರಿನದು. ಮತ ಹಾಕುವವರು ಹಾಕಿ ಬರೆಯುವ ಪತ್ರಕರ್ತರು. ಐದು ಹೆಸರು ಬರೆಯಬೇಕು. ಮೊದಲನೆಯವನಿಗೆ 10 ಅಂಕ, ಆಮೇಲೆ 7, 5, 3, 1. ಪ್ಲೇಆಫ್, ಅಂದರೆ ಲೀಗ್ ಪಂದ್ಯಗಳು ಮುಗಿದ ಮೇಲಿನ ನಾಕೌಟ್ ಆಟ, ಲೆಕ್ಕಕ್ಕಿಲ್ಲ. ನಾವು ಐದಾರು ಜನ ಚೀಟಿಯಲ್ಲಿ ಇದನ್ನೇ ನಕಲು ಮಾಡುತ್ತೇವೆ. ಬಹುಮಾನ ಏನೂ ಇಲ್ಲ, ಸುಮ್ನೆ ಮಾತಾಡಲು ಒಂದು ನೆಪ.

2016ರಲ್ಲಿ ನಾನು ಮೊದಲ ಸಲ ಚೀಟಿ ಬರೆದೆ. ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ ಹೆಸರು ಮೊದಲಿಗೆ. ಕಾಲರ್‌ಬೋನ್ ಮುರಿದುಕೊಂಡು 37 ಪಂದ್ಯ ಹೊರಗಿದ್ದ ಹುಡುಗ. ಆಡಿದ್ದು 45, ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಅಂದರೆ ಅಸಿಸ್ಟ್, ಎರಡೂ ಸೇರಿ) 48. ಶಿಕಾಗೋದ ಆರ್ಟೆಮಿ ಪನಾರಿನ್ 80 ಪಂದ್ಯದಲ್ಲಿ 77 ಪಾಯಿಂಟ್ ಮಾಡಿದ್ದ. ಗ್ರೂಪಿನಲ್ಲಿ ಉದ್ದುದ್ದ ಮೆಸೇಜ್ ಹಾಕಿದೆ. "ಎಷ್ಟು ಪಂದ್ಯ ಆಡಿದ ಅನ್ನೋದು ಮುಖ್ಯ ಅಲ್ಲ, ಆಡಿದಾಗ ಹೇಗೆ ಆಡಿದ ಅನ್ನೋದು ಮುಖ್ಯ." ಪನಾರಿನ್ ರಷ್ಯಾದ ಲೀಗಿನಲ್ಲಿ ವರ್ಷಗಟ್ಟಲೆ ಆಡಿ ಬಂದವನು, ಅವನು ಯಾವ ಸೀಮೆ ಹೊಸಬ ಅಂತಲೂ ಬರೆದೆ. ಪಕ್ಕದಲ್ಲಿ ಪ್ಯಾಟ್ರಿಕ್ ಕೇನ್‌ನಂಥ ಸ್ಟಾರ್ ಇದ್ದರೆ ಯಾರು ಬೇಕಾದರೂ ಪಾಯಿಂಟ್ ಮಾಡುತ್ತಾರೆ ಅಂತಲೂ. ಟ್ರೋಫಿ ಪನಾರಿನ್‌ಗೆ ಹೋಯಿತು. ಮೆಕ್‌ಡೇವಿಡ್ ಮೂರನೆಯವನಾದ.

ಪನಾರಿನ್ ಹೊಸಬನೇ ಅಲ್ಲ ಅನ್ನುವ ಮಾತು ಆಗಲೇ ತಪ್ಪಾಗಿತ್ತು, ನನಗೆ ಗೊತ್ತಿರಲಿಲ್ಲ. 1990ರಲ್ಲಿ ಕ್ಯಾಲ್ಗರಿಯ ಸೆರ್ಗೆಯ್ ಮಕರೋವ್ 31ನೇ ವಯಸ್ಸಿನಲ್ಲಿ ಈ ಟ್ರೋಫಿ ಗೆದ್ದ. ಸೋವಿಯತ್ ತಂಡದಲ್ಲಿ ಆಡಿ ಆಡಿ ಪಳಗಿದವನು ಹೊಸಬರ ಪ್ರಶಸ್ತಿ ಒಯ್ದರೆ ಜನ ಬಿಡುತ್ತಾರಾ? ಆಮೇಲೆ ನಿಯಮ ಬದಲಾಯಿತು: ಸೀಸನ್ ಶುರುವಾಗುವ ಸೆಪ್ಟೆಂಬರ್ 15ಕ್ಕೆ ವಯಸ್ಸು 26 ತುಂಬಿರಬಾರದು. ಪನಾರಿನ್‌ಗೆ ಆಗ 23. ಗೆರೆ ಎಳೆದಾಗಿದೆ, ಅವನು ಒಳಗಿದ್ದಾನೆ, ಅಷ್ಟೇ.

ನಿಜವಾದ ಪೆಟ್ಟು ಬಿದ್ದಿದ್ದು 2024ರಲ್ಲಿ. ಶಿಕಾಗೋದ ಕಾನರ್ ಬೆಡಾರ್ಡ್ ದವಡೆ ಮುರಿದುಕೊಂಡಿದ್ದ. 68 ಪಂದ್ಯ, 61 ಪಾಯಿಂಟ್. ಮಿನೆಸೋಟಾದ ಡಿಫೆಂಡರ್ ಬ್ರಾಕ್ ಫೇಬರ್ 82 ಪಂದ್ಯವನ್ನೂ ಆಡಿದ್ದ, ಪ್ರತಿ ಪಂದ್ಯದಲ್ಲಿ ಹತ್ತಿರ ಹತ್ತಿರ 25 ನಿಮಿಷ. ನನಗೆ ಫೇಬರ್ ತುಂಬಾ ಇಷ್ಟವಾಗಿಬಿಟ್ಟಿದ್ದ. "ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ, ಅದಕ್ಕೆ ಬೆಲೆ ಇಲ್ವಾ?" ಅಂತ ಜೋರಾಗಿ ವಾದ ಮಾಡುತ್ತಿದ್ದೆ. ಪಕ್ಕದ ಸೀಟಿನವಳು ಮಾತಾಡಲಿಲ್ಲ. ಫೋನ್ ತೆಗೆದು, ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಹಿಂದೆ ಹೋಗಿ, ನನ್ನ ಮುಂದೆ ಹಿಡಿದಳು. 2016ರ ನನ್ನದೇ ಮೆಸೇಜ್.

"37 ಪಂದ್ಯ ತಪ್ಪಿದರೆ ಪರವಾಗಿಲ್ಲ, 14 ತಪ್ಪಿದರೆ ಜಾಸ್ತಿ ಆಯ್ತಾ?"

ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಊಟ ರುಚಿಸಲಿಲ್ಲ. ಎರಡು ಸಲವೂ ನಾನು ಮೊದಲು ಹುಡುಗನನ್ನು ಆರಿಸಿ, ಆಮೇಲೆ ಅವನಿಗೆ ಹೊಂದುವ ಅಳತೆಗೋಲು ಹುಡುಕಿದ್ದೆ.

ಮುಂದಿನ ಸೀಸನ್ನಿಗೆ ಒಂದು ಕೆಲಸ ಮಾಡಿದೆ. 2024ರ ಅಕ್ಟೋಬರ್‌ನಲ್ಲಿ, ಹೊಸಬರ ಆಟ ನೋಡುವ ಮೊದಲೇ, ಒಂದು ಚೀಟಿಯಲ್ಲಿ ನನ್ನ ಅಳತೆ ಬರೆದು ಅವಳ ಕೈಗೇ ಕೊಟ್ಟೆ. ಇಡೀ ಸೀಸನ್ನಿನ ಒಟ್ಟು ಕೆಲಸ ಮೊದಲು, ಪಂದ್ಯದ ಸರಾಸರಿ ಆಮೇಲೆ. ಕೋಚ್ ಎಂಥ ಹೊತ್ತಿನಲ್ಲಿ ಅವನನ್ನು ಐಸ್ ಮೇಲೆ ಬಿಟ್ಟ ಅಂತ ನೋಡಬೇಕು. ವಯಸ್ಸು, ಡ್ರಾಫ್ಟ್ ನಂಬರ್ (ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವಾಗ ಎಷ್ಟನೆಯವನಾಗಿ ಬಂದ ಅನ್ನೋದು) ಮುಟ್ಟುವ ಹಾಗಿಲ್ಲ.

ಕೊನೆಯದು ಕಷ್ಟ. ಸ್ಯಾನ್ ಹೋಸೆಯ ಮ್ಯಾಕ್ಲಿನ್ ಸೆಲೆಬ್ರಿನಿ ಆ ವರ್ಷದ ಡ್ರಾಫ್ಟ್‌ನ ಮೊದಲ ಆಯ್ಕೆ. 70 ಪಂದ್ಯ, 25 ಗೋಲ್, 63 ಪಾಯಿಂಟ್, ಅದೂ ಲೀಗಿನಲ್ಲೇ ಕೊನೆ ಸ್ಥಾನದ ತಂಡದಲ್ಲಿ. ಅವನ ಪ್ಲಸ್ ಮೈನಸ್, ಅಂದರೆ ಹೆಚ್ಚುಕಡಿಮೆ ಅವನು ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿಗೂ ಬಿಟ್ಟುಕೊಟ್ಟ ಗೋಲಿಗೂ ಇರುವ ವ್ಯತ್ಯಾಸ, ಮೈನಸ್ 31 ಇತ್ತು. ಅದನ್ನು ಹಿಡಿದು ಬಯ್ಯುವವರಿಗೆ ಒಂದೇ ಮಾತು: ಸೋಲುವ ತಂಡದಲ್ಲಿ ಜಾಸ್ತಿ ಹೊತ್ತು ಆಡಿದವನ ತಲೆಗೇ ಆ ಗೋಲುಗಳು ಬೀಳುತ್ತವೆ. ಇನ್ನೊಂದು ಕಡೆ ಮಾಂಟ್ರಿಯಲ್‌ನ ಲೇನ್ ಹಟ್ಸನ್, 2022ರಲ್ಲಿ 62ನೆಯವನಾಗಿ ಆಯ್ಕೆಯಾದ ಸಣ್ಣ ಆಳು. 82 ಪಂದ್ಯ, 66 ಪಾಯಿಂಟ್, ಅದರಲ್ಲಿ 60 ಅಸಿಸ್ಟ್. ಹೊಸ ಡಿಫೆಂಡರ್ ಒಬ್ಬ ಅಷ್ಟು ಅಸಿಸ್ಟ್ ಮಾಡಿದ್ದು 1980-81ರ ಲ್ಯಾರಿ ಮರ್ಫಿ ಮಾತ್ರ.

ಅಂಕಿ ಬಿಟ್ಟು ಹಟ್ಸನ್ ಆಟ ನೋಡಬೇಕು. ಎದುರಾಳಿಯ ವಲಯದ ಗಡಿಗೆರೆಯಾದ ಬ್ಲೂ ಲೈನ್ ಮೇಲೆ ಪಕ್ (ಆಟದ ರಬ್ಬರ್ ಬಿಲ್ಲೆ) ಇಟ್ಟುಕೊಂಡು ಕಾಯುತ್ತಾನೆ. ಎದುರಾಳಿ ಮೈಮೇಲೆ ಬರುವವರೆಗೂ ಕೊಡುವುದಿಲ್ಲ. ಭುಜ ಎಡಕ್ಕೆ ಬಾಗುತ್ತದೆ, ಎದುರಿನವನ ಸ್ಕೇಟ್ ಎಡಕ್ಕೆ ತಿರುಗುತ್ತದೆ, ಅಷ್ಟರಲ್ಲಿ ಹಟ್ಸನ್ ಬಲಕ್ಕೆ ಜಾರಿ ಹೋಗಿರುತ್ತಾನೆ. ಒಂದು ಸಲ ತಪ್ಪಿದರೆ ಹಿಂದೆ ತಡೆಯಲು ಯಾರೂ ಇಲ್ಲದ ಜಾಗ ಅದು. ನಾನು ಒಂದೇ ತುಣುಕನ್ನು ನಾಲ್ಕು ಸಲ ಹಿಂದೆ ಓಡಿಸಿ ನೋಡಿದ್ದೇನೆ. ನಾಲ್ಕನೇ ಸಲವೂ ನಾನು ಎಡಕ್ಕೇ ನೋಡುತ್ತಿದ್ದೆ.

ಕ್ಯಾಲ್ಗರಿಯ ಗೋಲಿ, ಅಂದರೆ ಗೋಲ್‌ಕೀಪರ್, ಡಸ್ಟಿನ್ ವುಲ್ಫ್ ನನ್ನ ತಲೆ ಕೆಡಿಸಿದ. 29 ಗೆಲುವು. ಅವನ ತಂಡ ಸೇಂಟ್ ಲೂಯಿಸ್‌ನಷ್ಟೇ ಪಾಯಿಂಟ್ ಮಾಡಿಯೂ ಟೈಬ್ರೇಕರ್‌ನಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತು. ಗೋಲಿಯನ್ನು ಗೋಲ್ ಹೊಡೆಯುವವನ ಪಕ್ಕ ಇಟ್ಟು ಅಳೆಯುವುದು ಹೇಗೆ? 2009ರಲ್ಲಿ ಸ್ಟೀವ್ ಮೇಸನ್ ಗೆದ್ದ ಮೇಲೆ ಯಾವ ಗೋಲಿಗೂ ಕಾಲ್ಡರ್ ಸಿಕ್ಕಿರಲಿಲ್ಲ. ನನ್ನ ಚೀಟಿಯಲ್ಲಿ ಗೋಲಿ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಳತೆ ಬರೆಯುವಾಗ ಮರೆತೇಬಿಟ್ಟಿದ್ದೆ.

ಕೊನೆಗೆ ಹಟ್ಸನ್, ಸೆಲೆಬ್ರಿನಿ, ವುಲ್ಫ್ ಅಂತ ಬರೆದೆ. ಟ್ರೋಫಿ ಹಟ್ಸನ್‌ಗೆ ಬಂತು. ಆದರೆ ಪತ್ರಕರ್ತರ ಮತದಲ್ಲಿ ವುಲ್ಫ್ ಎರಡನೆಯವನು, ಸೆಲೆಬ್ರಿನಿ ಮೂರನೆಯವನು. ಅಕ್ಟೋಬರ್‌ನ ಚೀಟಿ ವಾಪಸ್ ಕೊಡು, ಗೋಲಿ ಬಗ್ಗೆ ಒಂದು ಸಾಲು ಸೇರಿಸುತ್ತೇನೆ ಅಂತ ಪಕ್ಕದ ಸೀಟಿನವಳನ್ನು ಕೇಳಿದೆ. ಫೋಟೋ ಬೇಕಾದರೆ ಕಳಿಸುತ್ತೇನೆ ಅಂದಳು, ಚೀಟಿ ಮಾತ್ರ ಇನ್ನೂ ಕೊಟ್ಟಿಲ್ಲ.