ಬ್ರೇಕ್ ಹಿಡಿಯದಿದ್ದರೆ ವಾಯರ್ ಬಿಡಿ, ಮೊದಲು ಗಾಲಿ ನೋಡಿ

‘ಕಾಕಾ, ವಾಯರ್ ಎಷ್ಟು ಬಿಗಿ ಮಾಡಿದ್ರೂ ಬ್ರೇಕ್ ಹಿಡಿಯವಲ್ದು ನೋಡ್ರಿ.’ ಶಾಲೆ ಶುರುವಾಗಿ ಮಳೆ ಹಿಡಿಯಿತೆಂದರೆ ನಮ್ಮ ಓಣಿಯ ಹುಡುಗರು ಹೀಗೆ ಸೈಕಲ್ ತಂದು ಗೇಟಿಗೆ ಒರಗಿಸುತ್ತಾರೆ. ಹತ್ತರಲ್ಲಿ ಎಂಟು ಸೈಕಲ್‌ಗಳ ವಾಯರ್ ಸರಿಯಾಗಿಯೇ ಇರುತ್ತದೆ. ಗಾಲಿ ಬೆಂಡಾಗಿರುತ್ತದೆ. ಬೆಂಡಾದ ಗಾಲಿಗೆ ವಾಯರ್ ಬಿಗಿ ಮಾಡಿದರೆ ಒಂದು ಕಡೆ ಶೂ, ಅಂದರೆ ಬ್ರೇಕಿನ ರಬ್ಬರ್ ತುಂಡು, ರಿಮ್‌ಗೆ ಉಜ್ಜುತ್ತದೆ, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ. ಉಜ್ಜುತ್ತದೆ ಎಂದು ಮತ್ತೆ ಸಡಿಲ ಮಾಡುತ್ತಾರೆ. ಆಮೇಲೆ ಕಾಲು ನೆಲಕ್ಕೆ ಎಳೆದು ನಿಲ್ಲಿಸುವ ರೂಢಿ ಬೀಳುತ್ತದೆ.

ಮೊದಲು ನಿಮ್ಮದು ಯಾವ ಬ್ರೇಕ್ ಎಂದು ನೋಡಿಕೊಳ್ಳಿ. ಯಾಕೆಂದರೆ ಒಂದೊಂದು ಬ್ರೇಕ್ ಗಾಲಿಯ ಒಂದೊಂದು ದೋಷವನ್ನು ಮುಚ್ಚಿಡುತ್ತದೆ.

ಹಾಲಿನವರ, ಪೇಪರಿನವರ ಹಳೆಯ ದೊಡ್ಡ ಸೈಕಲ್‌ಗೆ ಇರುವುದು ರಾಡ್ ಬ್ರೇಕ್. ಲಿವರ್ ಒತ್ತಿದರೆ ಸರಳು ಎಳೆದು, ಶೂ ರಿಮ್‌ನ ಒಳಮೈಗೆ, ಅಂದರೆ ಹಬ್ (ಗಾಲಿಯ ನಡುವಿನ ಭಾಗ) ಕಡೆಯ ಮೈಗೆ ಒತ್ತುತ್ತದೆ. ಗಾಲಿ ಎಡಕ್ಕೆ ಬಲಕ್ಕೆ ಸ್ವಲ್ಪ ಅಲುಗಿದರೂ ಇದಕ್ಕೆ ನಡೆಯುತ್ತದೆ. ಆದರೆ ಗಾಲಿಯ ದುಂಡು ಕೆಟ್ಟಿದ್ದರೆ ಪ್ರತಿ ಸುತ್ತಿಗೂ ಹಿಡಿದು ಬಿಡುತ್ತದೆ. ಗಾಲಿಯ ಮೇಲೆ ಒಂದೇ ಬೋಲ್ಟಿಗೆ ಕೂತಿರುವ ಕ್ಯಾಲಿಪರ್, ಗಾಲಿಯ ಎರಡು ಪಕ್ಕಕ್ಕೆ ಒಂದೊಂದು ಉದ್ದ ತೋಳಿರುವ ವಿ-ಬ್ರೇಕ್, ಇವೆರಡೂ ರಿಮ್‌ನ ಪಕ್ಕವನ್ನು ಚಿಮಟದಂತೆ ಒತ್ತುತ್ತವೆ. ಅವಕ್ಕೆ ಪಕ್ಕದ ಬೆಂಡೇ ಶತ್ರು. ಡಿಸ್ಕ್ ಬ್ರೇಕ್ ರಿಮ್ ಮುಟ್ಟುವುದೇ ಇಲ್ಲ, ಹಬ್‌ಗೆ ಕೂಡಿಸಿದ ತಟ್ಟೆಯನ್ನು ಹಿಡಿಯುತ್ತದೆ. ಹಾಗಾಗಿ ಗಾಲಿ ಎಷ್ಟು ಬೆಂಡಾದರೂ ಬ್ರೇಕ್ ಹಿಡಿಯುತ್ತಲೇ ಇರುತ್ತದೆ. ಹುಡುಗರು ಹಾಗೆಯೇ ಓಡಿಸುತ್ತಾರೆ, ಒಂದು ದಿನ ಕಡ್ಡಿ (ಸ್ಪೋಕ್) ಮುರಿಯುತ್ತದೆ. ಡಿಸ್ಕ್‌ನಲ್ಲಿ ನಿಲ್ಲಿಸುವ ಜೋರೆಲ್ಲ ಹಬ್‌ನಿಂದ ಕಡ್ಡಿಗಳ ಮೂಲಕವೇ ರಿಮ್‌ಗೆ ಹೋಗಬೇಕು. ಅದಕ್ಕೇ ಡಿಸ್ಕ್ ಇದ್ದವರು ಕಡ್ಡಿಗಳನ್ನು ತಿಂಗಳಿಗೊಮ್ಮೆ ಮುಟ್ಟಿ ನೋಡಲೇಬೇಕು.

ಈಗ ಕೆಲಸಕ್ಕೆ ಇಳಿಯೋಣ. ಸೈಕಲ್ ತಲೆಕೆಳಗೆ ನಿಲ್ಲಿಸಿ. ರಿಮ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಹಬ್‌ನಲ್ಲೇ ಲಟಕ್ ಲಟಕ್ ಎಂದರೆ ಮೊದಲು ಕೋನ್ (ಹಬ್‌ನ ಗುಂಡುಗಳನ್ನು ಹಿಡಿದಿಡುವ ನಟ್) ಬಿಗಿ ಮಾಡಿಸಿ. ಗಾಲಿ ಫೋರ್ಕ್‌ನ ನಡುವೆ ಕೂತಿದೆಯಾ ನೋಡಿ.

ಬೆಂಡ್ ತೆಗೆಯುವುದು ಎರಡನೆಯ ಹಂತ. ಎಲ್ಲರೂ ತಪ್ಪುವುದು ಇಲ್ಲೇ, ಅವಸರ ಬೇಡ. ಬ್ರೇಕ್ ಶೂ ಪಕ್ಕದಲ್ಲಿ ಒಂದು ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ಗಾಲಿಯನ್ನು ಮೆಲ್ಲಗೆ ತಿರುಗಿಸಿ. ರಿಮ್ ಎಲ್ಲಿ ಹೊರಕ್ಕೆ ಬಂದಿದೆಯೋ ಅಲ್ಲಿ ಗೆರೆ ಬೀಳುತ್ತದೆ. ಅಲ್ಲಿನ ಕಡ್ಡಿಗಳು ಹಬ್‌ನ ಯಾವ ಕಡೆಯಿಂದ ಬಂದಿವೆ ಎಂದು ನೋಡಿ. ಎಡಗಡೆಯಿಂದ ಬಂದ ಕಡ್ಡಿ ರಿಮ್ಮನ್ನು ಎಡಕ್ಕೆ ಎಳೆಯುತ್ತದೆ, ಬಲಗಡೆಯದು ಬಲಕ್ಕೆ. ರಿಮ್ ಎಡಕ್ಕೆ ಬೆಂಡಾಗಿದ್ದರೆ ಅಲ್ಲಿನ ಬಲಗಡೆಯ ಕಡ್ಡಿ ಬಿಗಿ ಮಾಡಿ, ಎಡಗಡೆಯದನ್ನು ಅಷ್ಟೇ ಸಡಿಲ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು, ಜಾಸ್ತಿ ಬೇಡವೇ ಬೇಡ. ಪ್ರತಿ ಕಾಲು ಸುತ್ತಿಗೂ ಗಾಲಿ ತಿರುಗಿಸಿ ನೋಡಿ.

ಯಾವ ಕಡೆ ತಿರುಗಿಸಿದರೆ ಬಿಗಿ? ಟೈರ್ ಮೇಲಿನಿಂದ ಹಬ್ ಕಡೆಗೆ ನೋಡುತ್ತಿದ್ದರೆ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಹಿಡಿದಿಡುವ ಸಣ್ಣ ನಟ್) ಬಲಕ್ಕೆ ತಿರುಗಬೇಕು, ಸ್ಕ್ರೂ ಬಿಗಿ ಮಾಡಿದ ಹಾಗೆ. ಹಬ್ ಕಡೆಯಿಂದ ನೋಡಿದರೆ ಅದೇ ಉಲ್ಟಾ ಕಾಣುತ್ತದೆ. ಇದನ್ನು ಮರೆತು ಬೆಂಡನ್ನು ಇಮ್ಮಡಿ ಮಾಡಿದ ಗಾಲಿಗಳನ್ನು ಎಷ್ಟೋ ನೋಡಿದ್ದೇನೆ. ಪಕ್ಕಡದಿಂದ (ಇಕ್ಕಳದಿಂದ) ನಿಪ್ಪಲ್ ತಿರುಗಿಸಲು ಹೋಗಬೇಡಿ, ಅದರ ಮೂಲೆಗಳು ಸವೆದು ಮುಂದೆ ಯಾವ ಪಾನಾ ಕೂಡ ಹಿಡಿಯುವುದಿಲ್ಲ. ನಿಪ್ಪಲ್ ಪಾನಾ ಅಗ್ಗದ ಸಾಮಾನು, ಒಂದು ಇಟ್ಟುಕೊಳ್ಳಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಒಂದೊಂದು ಹನಿ ಎಣ್ಣೆ ಬಿಡಿ. ರಿಮ್‌ನ ಪಕ್ಕಕ್ಕೆ ಎಣ್ಣೆ ಇಳಿದಿದ್ದರೆ ಬೆಳಗ್ಗೆ ಚೆನ್ನಾಗಿ ಒರೆಸಿ.

ರಾಡ್ ಬ್ರೇಕ್ ಇದ್ದವರು ದುಂಡನ್ನೂ ನೋಡಬೇಕು. ರಿಮ್ ಉಬ್ಬಿದ ಕಡೆ ಎರಡೂ ಬದಿಯ ಕಡ್ಡಿಗಳನ್ನು ಸಮನಾಗಿ ಬಿಗಿ ಮಾಡಿ, ತಗ್ಗಿದ ಕಡೆ ಸಮನಾಗಿ ಸಡಿಲಿಸಿ. ಗುಂಡಿಗೆ ಬಡಿದು ರಿಮ್ಮೇ ನುಗ್ಗಿದ್ದರೆ ಕಡ್ಡಿಯಿಂದ ಸರಿಯಾಗುವುದಿಲ್ಲ, ರಿಮ್ ಬದಲಿಸಿ.

ಕಡೆಗೆ ಒಂದೊಂದೇ ಕಡ್ಡಿ ಮೀಟಿ ಕಿವಿಗೊಡಿ. ಒಂದೇ ಬದಿಯ ಕಡ್ಡಿಗಳ ದನಿ ಹೆಚ್ಚುಕಡಿಮೆ ಒಂದೇ ಇರಬೇಕು. ಮೊದ್ದಾಗಿ ಕೇಳಿದ್ದು ಸಡಿಲ. ಗೇರ್ ಸೈಕಲ್‌ನ ಹಿಂದಿನ ಗಾಲಿಯಲ್ಲಿ ಮಾತ್ರ ಬಲಬದಿ ಜಾಸ್ತಿ ಬಿಗಿ ಇರುತ್ತದೆ, ಅದು ದೋಷವಲ್ಲ. ತುಂಬ ಬಿಗಿ ಮಾಡಿದ್ದರೆ ಟೈರ್ ಬಿಚ್ಚಿ, ಕಡ್ಡಿಯ ತುದಿ ಟ್ಯೂಬಿಗೆ ಚುಚ್ಚುವಂತಿದೆಯಾ ನೋಡಿ. ಇದ್ದರೆ ಅರದಿಂದ ಉಜ್ಜಿ.

ಗಾಲಿ ನೇರವಾಯಿತೆಂದರೆ ಶೂ ಕೂಡಿಸುವುದು ಸುಲಭ. ಶೂ ಪೂರ್ತಿ ರಿಮ್ ಮೇಲೇ ಕೂಡಬೇಕು. ನಮ್ಮ ಅಕ್ಕನ ಮಗನಿಗೆ ತಂದ ಹೊಸ ಸೈಕಲ್‌ನಲ್ಲಿ ಶೂ ಟೈರ್‌ಗೆ ತಾಗುವಂತೆ ಕೂಡಿಸಿ ಕೊಟ್ಟಿದ್ದರು. ಎರಡೇ ತಿಂಗಳಲ್ಲಿ ಟೈರ್‌ನ ಪಕ್ಕ ಕೊಯ್ದು ಟ್ಯೂಬ್ ಹೊರಗೆ ಇಣುಕಿತ್ತು. ಶೂ ಕೆಳಗಿಳಿದರೆ ಇನ್ನೂ ಅಪಾಯ, ಅದು ಕಡ್ಡಿಯೊಳಗೆ ಸಿಗುತ್ತದೆ. ಎರಡೂ ಬದಿ ಸುಮಾರು 2 ಮಿ.ಮೀ. ಅಂತರ ಸಾಕು. ಕೀಂಯ್ ಎಂದು ಕೂಗುತ್ತಿದ್ದರೆ ಶೂನ ಹಿಂತುದಿಗೂ ರಿಮ್‌ಗೂ ನಡುವೆ ಮಡಚಿದ ಬಸ್ ಟಿಕೆಟ್ ಇಟ್ಟು, ಲಿವರ್ ಒತ್ತಿ ಹಿಡಿದು ಶೂ ನಟ್ ಬಿಗಿ ಮಾಡಿ. ಟಿಕೆಟ್ ತೆಗೆದ ಮೇಲೆ ಶೂನ ಮುಂತುದಿ ಒಂದು ಕೂದಲೆಳೆ ಮೊದಲು ರಿಮ್ ಮುಟ್ಟುತ್ತದೆ, ಕೂಗು ನಿಲ್ಲುತ್ತದೆ.

ಶೂ ಕೊಳ್ಳುವಾಗ ಉಗುರು ಒತ್ತಿ ನೋಡಿ. ಪ್ಲಾಸ್ಟಿಕ್‌ನಂತೆ ಗಟ್ಟಿಯಿದ್ದರೆ ವಾಪಸ್ ಕೊಡಿ, ಮಳೆಯಲ್ಲಿ ಅದು ಹಿಡಿಯುವುದಿಲ್ಲ. ಲಿವರ್ ಬದಲಿಸುವಾಗಲೂ ಎಚ್ಚರ. ವಿ-ಬ್ರೇಕ್‌ಗೆ ಜಾಸ್ತಿ ವಾಯರ್ ಎಳೆಯುವ ಲಿವರ್ ಬೇಕು. ಕ್ಯಾಲಿಪರ್ ಲಿವರ್ ಹಾಕಿದರೆ ಶೂ ಪೂರ್ತಿ ಒತ್ತುವ ಮೊದಲೇ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ. ಕ್ಯಾಲಿಪರ್‌ಗೆ ವಿ-ಬ್ರೇಕ್ ಲಿವರ್ ಹಾಕಿದರೆ ಎಷ್ಟು ಒತ್ತಿದರೂ ಬ್ರೇಕ್ ಜೋರಾಗಿ ಹಿಡಿಯುವುದಿಲ್ಲ. ‘ಎಲ್ಲಾ ಒಂದೇ ರೀ’ ಎನ್ನುವ ಮಾತು ನಂಬಬೇಡಿ.

ಡಿಸ್ಕ್‌ನವರಿಗೆ ಎರಡು ಮಾತು. ತಟ್ಟೆಗೆ ಎಣ್ಣೆ ತಾಗಿಸಬೇಡಿ, ಚೈನಿಗೆ ಸ್ಪ್ರೇ ಹೊಡೆಯುವಾಗ ಅದಕ್ಕೆ ಬಟ್ಟೆ ಮುಚ್ಚಿ. ಇಳಿಜಾರು ಇಳಿದ ಕೂಡಲೇ ಮುಟ್ಟಬೇಡಿ, ಕೈ ಸುಡುತ್ತದೆ. ನವಲಗುಂದದ ಕಡೆ ಎರೆಮಣ್ಣಿನ ದಾರಿಯಲ್ಲಿ ಓಡಾಡುವವರಿಗೆ ನಾನು ಡಿಸ್ಕ್ ಬ್ರೇಕನ್ನೇ ಹೇಳುತ್ತೇನೆ. ರಿಮ್‌ಗೂ ಶೂಗೂ ನಡುವೆ ಆ ಜಿಗುಟು ಮಣ್ಣು ಮೆತ್ತಿಕೊಂಡರೆ ಗಾಲಿಯೇ ತಿರುಗುವುದಿಲ್ಲ. ಊರೊಳಗೆ ಓಡಿಸುವವರಿಗೆ ವಿ-ಬ್ರೇಕ್ ಸಾಕು, ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು.

ಇನ್ನು ಕೈಯ ರೂಢಿ. ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ’ ಎಂದು ಮಕ್ಕಳನ್ನು ಹೆದರಿಸಬೇಡಿ. ನಿಲ್ಲುವಾಗ ಮೈಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ನಿಲ್ಲಿಸುವ ಬಲ ಹೆಚ್ಚು ಇರುವುದು ಮುಂದಿನ ಗಾಲಿಯಲ್ಲೇ. ಹಿಂದಿನದನ್ನಷ್ಟೇ ಜೋರಾಗಿ ಒತ್ತಿದರೆ ಗಾಲಿ ಜಾರುತ್ತದೆ, ಟೈರ್ ಒಂದೇ ಕಡೆ ಸವೆಯುತ್ತದೆ. ಸೀಟಿನ ಮೇಲೆ ಸ್ವಲ್ಪ ಹಿಂದೆ ಸರಿದು ಎರಡನ್ನೂ ಮೆಲ್ಲಗೆ, ಮುಂದಿನದನ್ನು ತುಸು ಜಾಸ್ತಿ ಒತ್ತಲು ಕಲಿಸಿ. ಮರಳು ಬಿದ್ದ ತಿರುವಿನಲ್ಲಿ ಮಾತ್ರ ಮುಂದಿನದು ಬೇಡ. ಲಿವರ್‌ಗೆ ಮಗುವಿನ ಬೆರಳು ಎಟುಕುತ್ತದೆಯಾ ನೋಡಿ. ಹಲವು ಲಿವರ್‌ಗಳಲ್ಲಿ ಅದನ್ನು ಹ್ಯಾಂಡಲ್ ಹತ್ತಿರ ತರಲು ಒಂದು ಸಣ್ಣ ತಿರುಪು ಇರುತ್ತದೆ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಉಕ್ಕಿನ ಹೊಳೆಯುವ ರಿಮ್ ತುಂಬ ಜಾರುತ್ತದೆ. ವಿಶ್ವವಿದ್ಯಾಲಯದ ಗುಡ್ಡ ಇಳಿಯುವಾಗ ಮೊದಲಿನಿಂದಲೇ ಬ್ರೇಕನ್ನು ಹಗುರಾಗಿ ಒತ್ತಿ ಬಿಡುತ್ತಿರಿ. ಶೂ ರಿಮ್‌ನ ನೀರು ಒರೆಸುತ್ತದೆ. ಆಮೇಲೆ ಒತ್ತಿದಾಗ ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಶೂ ಒಳಗೆ ಸಿಕ್ಕಿದ ಹರಳುಗಳನ್ನು ಪಿನ್ನಿನಿಂದ ಕಿತ್ತು ಹಾಕಿ, ಇಲ್ಲವಾದರೆ ಅವು ಅಲ್ಯೂಮಿನಿಯಂ ರಿಮ್ಮನ್ನು ಕೊರೆಯುತ್ತವೆ. ಹೊಸ ವಾಯರ್ ಹಾಕಿದ್ದರೆ ಒಂದು ವಾರಕ್ಕೆ ಸ್ವಲ್ಪ ಸಡಿಲಾಗುತ್ತದೆ. ಆಗ, ಆಗ ಮಾತ್ರ, ವಾಯರ್ ಬಿಗಿ ಮಾಡಿ.