ಟಚ್ ಸತ್ತ ಫೋನಿನಿಂದ ಲೆಕ್ಕ ತೆಗೆದದ್ದು

ತೀರ್ಥಹಳ್ಳಿ ಕಡೆಯ ಜುಲೈ ಮಳೆ ಗೊತ್ತಲ್ಲ, ಬೈಕಲ್ಲಿ ಬರುವಾಗ ಜೇಬಿಗೆ ನೀರು ಇಳಿದು ನನ್ನ ಆಂಡ್ರಾಯ್ಡ್ ಫೋನಿನ ಟಚ್ ಸತ್ತೇ ಹೋಯಿತು. ಪರದೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದವರ ಕೂಲಿ ಲೆಕ್ಕವೆಲ್ಲ ಒಂದು ಆ್ಯಪ್‌ನಲ್ಲಿತ್ತು, ಸಂಜೆಗೆ ದುಡ್ಡು ಕೊಡಬೇಕು.

ಪುಣ್ಯಕ್ಕೆ ಯುಎಸ್‌ಬಿ ಡೀಬಗಿಂಗ್ (ಕೇಬಲ್ ಮೂಲಕ ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡಲು ಬಿಡುವ ಸೆಟ್ಟಿಂಗ್) ಮೊದಲೇ ಆನ್ ಇತ್ತು, ಲ್ಯಾಪ್‌ಟಾಪಿಗೆ ಅನುಮತಿಯೂ ಕೊಟ್ಟಿದ್ದೆ. ಇದಿಲ್ಲದಿದ್ದರೆ ಈ ದಾರಿ ಬಂದ್, ಫೋನಿಗೆ ಮೌಸ್ ಜೋಡಿಸಲು ಬರುವ ಓಟಿಜಿ ಕೇಬಲ್ಲಿಗೆ ಮೌಸ್ ಸಿಕ್ಕಿಸಿ ನೋಡಬೇಕಿತ್ತು.

ಕೇಬಲ್ ಹಾಕಿ, ಫೋನಿಗೆ ಆದೇಶ ಕಳಿಸುವ ಎಡಿಬಿ ಎಂಬ ತಂತ್ರಾಂಶಕ್ಕೆ ಲ್ಯಾಪ್‌ಟಾಪಿನಲ್ಲಿ 'ಎಡಿಬಿ ಡಿವೈಸಸ್' ಆದೇಶ ಕೊಟ್ಟೆ, ಫೋನ್ ಕಂಡಿತು. ಒತ್ತುವುದಕ್ಕೆ 'ಎಡಿಬಿ ಶೆಲ್ ಇನ್‌ಪುಟ್ ಟ್ಯಾಪ್ 540 1200', ಅಂದರೆ ಎಡದಿಂದ 540, ಮೇಲಿಂದ 1200 ಪಿಕ್ಸೆಲ್. ಆ ಅಂಕಿ ಊಹಿಸಲು ಹೋಗಿ ಅರ್ಧ ಗಂಟೆ ಸುಮ್ನೆ ಹಾಳು ಮಾಡಿಕೊಂಡೆ. ಆಮೇಲೆ ಹೊಳೆಯಿತು: 'ಸ್ಕ್ರೀನ್‌ಕ್ಯಾಪ್' ಆದೇಶದಿಂದ ಪರದೆಯ ಚಿತ್ರ ತೆಗೆದು ಪೇಂಟ್‌ನಲ್ಲಿ ತೆರೆದರೆ ಮೌಸ್ ಇಟ್ಟಲ್ಲಿನ ಅಂಕಿ ಅದೇ ತೋರಿಸುತ್ತದೆ, ಅಲ್ವಾ! ಹಿಂದೆ ಹೋಗಲು 'ಕೀಇವೆಂಟ್ 4', ಅಕ್ಷರಕ್ಕೆ 'ಇನ್‌ಪುಟ್ ಟೆಕ್ಸ್ಟ್'. ಆದರೆ ಅದರಲ್ಲಿ ಕನ್ನಡ ಹೋಗುವುದಿಲ್ಲ, ಹೆಸರುಗಳನ್ನು ಇಂಗ್ಲಿಷಿನಲ್ಲೇ ಹೊಡೆದೆ.

ಲೆಕ್ಕವನ್ನು ಫೈಲ್ ಮಾಡಿ 'ಎಡಿಬಿ ಪುಲ್'ನಿಂದ ಎಳೆದುಕೊಂಡೆ. ಕೂಲಿ ಕೊಟ್ಟಾಯಿತು. ಪರದೆ ಇನ್ನೂ ಬದಲಾಯಿಸಿಲ್ಲ, ಮಳೆ ಬಿಡಲಿ ಎಂದು ಕಾಯುತ್ತಿದ್ದೇನೆ.