ಯುದ್ಧದ ಸುದ್ದಿ ಹಬ್ಬಿದ ದಿನಗಳಲ್ಲಿ ದಿನಚರಿ ಬರೆಯುವ ಬಗೆ

ಮೊದಲು ಬರೆಯುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಬೀದರಿನ ಬೇಸಿಗೆಯಲ್ಲಿ ನನಗೆ ಒದಗಿದ್ದು ರಾತ್ರಿಯ ಊಟವಾದ ಮೇಲೆ, ಮಾಳಿಗೆಗೆ ಹಾಸಿಗೆ ಒಯ್ಯುವ ಮುಂಚಿನ ಅರ್ಧ ಗಂಟೆ. ಆಗ ಟಿವಿ ಆರಿಸಿರಬೇಕು. ಗೆರೆ ಹಾಕಿದ ಸಾಧಾರಣ ನೋಟ್‌ಬುಕ್ ಸಾಕು; ತಾರೀಖು ಅಚ್ಚಾದ ಡೈರಿಯಲ್ಲಿ ಬರೆಯದ ದಿನದ ಖಾಲಿ ಪುಟ ಅಣಕಿಸುತ್ತದೆ, ಬರೆಯಲು ಬಹಳವಿದ್ದ ದಿನ ಜಾಗ ಸಾಲುವುದಿಲ್ಲ.

ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಕಂಡದ್ದನ್ನೂ ಬಲಕ್ಕೆ ಕೇಳಿದ್ದನ್ನೂ ಬರೆಯಬೇಕು. ಕೇಳಿದ್ದರ ಪಕ್ಕದಲ್ಲಿ ಯಾರಿಂದ, ಎಷ್ಟು ಗಂಟೆಗೆ ಎಂಬುದು ಇರಲೇಬೇಕು. ಈ ಶಿಸ್ತು ನನಗೆ ತಡವಾಗಿ ಬಂತು. ಆಪರೇಷನ್ ಸಿಂಧೂರ ಆರಂಭವಾದ ಮರುದಿನ, ಅಂದರೆ 2025ರ ಮೇ 8ರ ರಾತ್ರಿ, ಕರಾಚಿ ಬಂದರು ಧ್ವಂಸವಾಯಿತೆಂದು ಕೆಲವು ವಾಹಿನಿಗಳು ಕೂಗಿದ್ದನ್ನು ನಾನು ಕಣ್ಣಾರೆ ಕಂಡವನಂತೆ ಬರೆದಿಟ್ಟಿದ್ದೆ. ಅದು ಸುಳ್ಳೆಂದು ತಿಳಿದಾಗ ಹಾಳೆ ಹರಿಯಬೇಕೆನಿಸಿತು. ಹರಿಯಲಿಲ್ಲ, ಕೆಳಗೆ ತಾರೀಖು ಹಾಕಿ ತಿದ್ದುಪಡಿ ಬರೆದೆ. ನೀವೂ ಹೊಡೆದು ಹಾಕಬೇಡಿ. ಆ ರಾತ್ರಿ ನಾವು ಏನನ್ನು ನಂಬಲು ಸಿದ್ಧರಿದ್ದೆವು ಎಂಬುದಕ್ಕೆ ಆ ತಪ್ಪು ಸಾಲೇ ಸಾಕ್ಷಿ.

ಬರೆಯಬಾರದ್ದೂ ಒಂದಿದೆ. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿರುವುದರಿಂದ ವಿಮಾನದ ಸದ್ದು ನಮಗೆ ಹೊಸದಲ್ಲ, ಆಕಾಶದಲ್ಲಿ ವಿಮಾನ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯೂ ಇದೇ ಊರು. ಆದರೂ ಆ ವಾರ ಸದ್ದು ಕೇಳಿದಾಗಲೆಲ್ಲ ಕತ್ತು ತಾನಾಗಿ ಮೇಲೇಳುತ್ತಿತ್ತು. ಕತ್ತು ಮೇಲೆದ್ದದ್ದನ್ನು ಬರೆಯಿರಿ, ಎಷ್ಟು ವಿಮಾನ, ಯಾವ ದಿಕ್ಕಿಗೆ ಎಂಬುದನ್ನು ಬಿಡಿ. ಪುಟದ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವ ಚಪಲವನ್ನಂತೂ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಿ.

ಕ್ರಿಕೆಟ್ ಬರೆಯಲು ನಾಚಬೇಕಾಗಿಲ್ಲ. ಮೇ 8ರಂದೇ ಧರ್ಮಶಾಲಾದಲ್ಲಿ ಪಂಜಾಬ್ ತಂಡ 10.1 ಓವರುಗಳಲ್ಲಿ ಒಂದು ವಿಕೆಟ್‌ಗೆ 122 ರನ್ ಗಳಿಸಿದ್ದಾಗ ದೀಪಗಳು ಆರಿ, ಪಂದ್ಯ ಅಲ್ಲಿಗೇ ನಿಂತಿತು. ಮರುದಿನ ಐಪಿಎಲ್ ಅನ್ನೇ ತಡೆಹಿಡಿದರು. ಆ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲಿರುವುದು ಆಟದ ಹುಚ್ಚಿಗಲ್ಲ, ಗಡಿಯ ಸಂಗತಿ ನಮ್ಮ ಪಡಸಾಲೆಗೆ ಕಾಲಿಟ್ಟ ಗಳಿಗೆ ಅದು ಎಂಬುದಕ್ಕೆ. 1999ರ ಜೂನ್ 8ರಂದು ಕಾರ್ಗಿಲ್ ಕಾಳಗ ನಡೆದಿರುವಾಗಲೇ ಮ್ಯಾಂಚೆಸ್ಟರಿನಲ್ಲಿ ಭಾರತವು ಪಾಕಿಸ್ತಾನವನ್ನು 47 ರನ್ನುಗಳಿಂದ ಸೋಲಿಸಿತು, ನಮ್ಮ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ಪಡೆದರು. ಆ ಸಂಜೆ ನಾನು ಕುಣಿದೆನೋ ಸುಮ್ಮನೆ ಕೂತಿದ್ದೆನೋ ಈಗ ನೆನಪಿಲ್ಲ, ಬರೆದಿಡಲಿಲ್ಲ. ಆದ್ದರಿಂದ ಸ್ಕೋರಿನ ಕೆಳಗೆ, ಆಟ ನೋಡುವಾಗ ನಿಮ್ಮ ಮನಸ್ಸು ಎಲ್ಲಿತ್ತೆಂಬ ಒಂದು ಸಾಲು ಕಡ್ಡಾಯವಾಗಿ ಇರಲಿ.

ರಾಜಕೀಯದ ವಾದವನ್ನು ದಾಖಲಿಸುವಾಗ ಎದುರಾಳಿಯ ಮಾತನ್ನು ಮೊದಲು, ಅವರದೇ ಶಬ್ದಗಳಲ್ಲಿ ಬರೆದು, ಅನಂತರ ನಿಮ್ಮದನ್ನು ಬರೆಯಿರಿ. ಮೇ 10ರ ಸಂಜೆ ಐದು ಗಂಟೆಯಿಂದ ಕಾಳಗ ನಿಂತಿತೆಂಬ ಸುದ್ದಿ ಬಂದಾಗ ಚಹಾದಂಗಡಿಯಲ್ಲಿ ನಾನು ಗೆದ್ದೆನೆಂದುಕೊಂಡ ವಾದವೊಂದು, ಹೀಗೆ ಬರೆದು ನೋಡಿದಾಗ, ಗೆದ್ದದ್ದಾಗಿ ಕಾಣಲಿಲ್ಲ.

ಕೊನೆಯದಾಗಿ, ಹೊಲದ ಸ್ಥಿತಿಯನ್ನು ಬರೆಯಿರಿ. 1948ರ ಪೊಲೀಸ್ ಕಾರ್ಯಾಚರಣೆಯ ಬಗ್ಗೆ ನಮ್ಮ ಮುತ್ಯಾನನ್ನು, ಅಂದರೆ ಅಜ್ಜನನ್ನು, ಕೇಳಿದ್ದಾಗ ಆತನಿಗೆ ತಾರೀಖು ಹೇಳಲಾಗಲಿಲ್ಲ. "ಹೆಸರು ರಾಶಿ ಆಗಿತ್ತು, ತೊಗರಿ ಇನ್ನಾ ಹೂ ಬಿಟ್ಟಿದ್ದಿಲ್ಲ," ಎಂದ. ಭಾರತದ ಸೇನೆ ನಿಜಾಮನ ರಾಜ್ಯವನ್ನು ಪ್ರವೇಶಿಸಿದ್ದು ಸೆಪ್ಟೆಂಬರ್ 13ರಂದು, ನಿಜಾಮ ಶರಣಾದದ್ದು 17ರಂದು. ಮುತ್ಯಾನ ಲೆಕ್ಕ ಒಂದು ವಾರವೂ ಆಚೀಚೆ ಆಗಿರಲಿಲ್ಲ. ಅದನ್ನು ನೆನೆದು ನಾನು 2025ರ ಆ ಮೇ ತಿಂಗಳ ಪ್ರತಿ ಪುಟದ ಮೊದಲ ಸಾಲನ್ನು ಹೊಲಕ್ಕೆ ಬಿಟ್ಟುಕೊಟ್ಟಿದ್ದೇನೆ. ಮೇ 10ರ ಪುಟದಲ್ಲಿ ಹೀಗಿದೆ: ಹರಗಿದ್ದಾಯಿತು, ಬೀಜ ಇನ್ನೂ ತಂದಿಲ್ಲ.